ಕೆರೆ ತಿರುವು, ಒಂದನೆಯ ಬಿಲ್ಲೆ

ನನ್ನ ತಂಗಿಯ ಮೊಮ್ಮಗಳು ದೂರದ ಊರಿನ ಕುದುರೆ ಮೈದಾನದಲ್ಲಿ ಕುಣಿ ತುಂಬುವ ಕೆಲಸಕ್ಕೆ ಸೇರಿದ್ದಾಳೆ. ಹೋಗುವ ಮುಂಚೆ ಬಂದು, "ಆಯಿ, ಈ ಕೆಲಸಾ ಹೆಂಗಿರತೈತಿ ಹೇಳ" ಅಂದಳು. ಬಾಯಲ್ಲಿ ತೋಚಿದಷ್ಟು ಹೇಳಿದೆ. ಅವಳು ಹೋದ ಮೇಲೆ ಕುಳಿತು ಯೋಚಿಸಿದರೆ ಹೇಳಬೇಕಾದದ್ದನ್ನೇ ಹೇಳಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಅಕ್ಷರ ಬಂದದ್ದು ಐವತ್ತು ದಾಟಿದ ಮೇಲೆ. ಒತ್ತು, ದೀರ್ಘ ತಪ್ಪಿದ್ದನ್ನು ತಂಗಿಯ ಮಗ ತಿದ್ದಿಕೊಟ್ಟಿದ್ದಾನೆ. ಮಾತು ನನ್ನದೇ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೈದಾನದಲ್ಲಿ ಖಾದರ ಎಂಬ ಸವಾರನ ಕಾಲು ಮುರಿಯಿತು. ಅವನು ಮತ್ತೆ ಕುದುರೆ ಹತ್ತಲಿಲ್ಲ. ಅದು ನನ್ನಿಂದ ಆಯಿತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈ ಬರಹ ಅರ್ಧ ಕೆಲಸ ಕಲಿಸಲು, ಅರ್ಧ ಇದನ್ನು ಹೇಳಲು.

ಮೈದಾನ ಉಣಕಲ್ಲಿನ ಆಚೆ, ಧಾರವಾಡಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇತ್ತು. ಈಗ ಅಲ್ಲಿ ಮನೆಗಳಿವೆ, ಹುಡುಕಬೇಡಿರಿ. ದೊಡ್ಡ ಲಡಾಯಿಗೆ ಮುಂಚಿನ ಹತ್ತು ಹದಿನೈದು ವರ್ಷ ಅಲ್ಲಿ ಕುದುರೆ ಓಡಿದವು. ಸಾಹೇಬರ ಕುದುರೆ, ಹುಬ್ಬಳ್ಳಿಯ ಹತ್ತಿ ಸಾಹುಕಾರರ ಕುದುರೆ, ಒಮ್ಮೊಮ್ಮೆ ಯಾವುದೋ ಸಂಸ್ಥಾನದ ಕುದುರೆ. ನನ್ನ ಅತ್ತೆ ನಿಂಗವ್ವ ಅಲ್ಲಿ ಮೊದಲಿನಿಂದ ಕುಣಿ ತುಂಬುತ್ತಿದ್ದಳು. ಮದುವೆಯಾಗಿ ಬಂದ ವರ್ಷವೇ ನನ್ನನ್ನೂ ಕರೆದುಕೊಂಡು ಹೋದಳು. ಕುದುರೆ ಓಡಿದಲ್ಲೆಲ್ಲ ಗೊರಸಿನ ಕುಣಿ ಬೀಳುತ್ತದೆ. ಮುಂದಿನ ಓಟಕ್ಕೆ ಅದನ್ನು ತುಂಬಿ ಗಟ್ಟಿ ಮಾಡಬೇಕು. ಇಷ್ಟೇ ಕೆಲಸ ಅಂದುಕೊಂಡಿದ್ದೆ.

ಮೊದಲ ದಿನ ನಾನು ಮಾಡಿದ್ದನ್ನು ಕೇಳಿದರೆ ನೀವು ನಗುತ್ತೀರಿ. ಕುಣಿಗೆ ಮಣ್ಣು ಹಾಕಿ, ಸೆಗಣಿ ಕಲಸಿ, ಮನೆಯ ಪಡಸಾಲೆ ಸಾರಿಸಿದ ಹಾಗೆ ನುಣ್ಣಗೆ ಸಾರಿಸಿದೆ. ಹತ್ತು ಮಾರು ನೆಲ ಕನ್ನಡಿಯ ಹಾಗೆ ಆಯಿತು. ಅತ್ತೆ ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟಳು.

"ರಂಗೋಲಿ ಯಾಕ ಬಿಟ್ಟೀಯವ್ವ? ಕುದರಿ ಇಲ್ಲಿ ಉಣ್ಣಾಕ ಕೂಡಂಗಿಲ್ಲ, ಓಡತೈತಿ. ಕೆರಿ."

ಕೆರೆದೆ. ಆಮೇಲೆ ಅವಳು ಕಲಿಸಿದಳು. ಕುಣಿಯಲ್ಲಿ ನೀರಿದ್ದರೆ ಮೊದಲು ನೀರು ತೆಗೆಯಬೇಕು, ಕೆಸರನ್ನೂ ತೋಡಬೇಕು. ತಳಕ್ಕೆ ಹರಳು ಮಣ್ಣಿನ ಗರಸು ಹಾಕಿ ದಮ್ಮಸು ಹೊಡೆಯಬೇಕು. ಮೇಲೆ ಜರಡಿ ಹಿಡಿದ ಮಣ್ಣು, ಮತ್ತೆ ದಮ್ಮಸು. ಕೊನೆಗೆ ಹಿಮ್ಮಡಿಯಿಂದ ಒತ್ತಿ ನೋಡಬೇಕು. ಹಿಮ್ಮಡಿ ಇಳಿದರೆ ಗೊರಸೂ ಇಳಿಯುತ್ತದೆ. ಕೆಸರಿನ ಮೇಲೆ ಒಣ ಮಣ್ಣು ಚೆಲ್ಲಿ ಕಾಲಲ್ಲಿ ಸವರಿದರೆ ಕಣ್ಣಿಗೆ ಚೆಂದ ಕಾಣುತ್ತದೆ, ಮೇಲೆ ಹಪ್ಪಳ, ಒಳಗೆ ಗಂಜಿ. "ಹಂಗ ಮಾಡಾಕಿ ಕೊಲಿ ಮಾಡಾಕಿ" ಎಂದು ಅತ್ತೆ ಹೇಳುತ್ತಿದ್ದಳು. ನೆನಪಿಟ್ಟುಕೊಳ್ಳಿರಿ, ಮುಂದೆ ಬರುತ್ತದೆ.

ಈಗ ಮೈದಾನದ ಆಕಾರ. ಮೊಟ್ಟೆಯ ಹಾಗಿತ್ತು, ಉದ್ದಕ್ಕೆ ಎರಡು ನೇರ ದಾರಿ, ತುದಿಗೆ ಎರಡು ತಿರುವು. ಒಳಬದಿಗೆ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಧಾರವಾಡದ ಕಡೆಯ ಅರ್ಧ ಕೆಮ್ಮಣ್ಣು, ಮಳೆ ಬಂದರೂ ಒಂದು ತಾಸಿನಲ್ಲಿ ನೀರು ಇಂಗುತ್ತದೆ. ಹುಬ್ಬಳ್ಳಿಯ ಕಡೆಯ ಅರ್ಧ ಎರೆ ಮಣ್ಣು. ಅದು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಯಲ್ಲಿ ಕಾಲು ಹಿಡಿಯುತ್ತದೆ. ಎರೆಯ ಕಡೆಯ ತಿರುವು ಕೆರೆಯತ್ತ ಇಳುಕಲಾಗಿತ್ತು. ನಾವು ಅದನ್ನು ಕೆರೆ ತಿರುವು ಅನ್ನುತ್ತಿದ್ದೆವು.

ಎಲ್ಲಿ ನಿಂತು ಓಡಿದರೆ ಏನು ಎಂಬುದನ್ನು ನಾನು ತಿಳಿದುಕೊಂಡದ್ದು ಕಣದ ಲೆಕ್ಕದಿಂದ. ತೆನೆ ತುಳಿಸಲು ಹಂತಿ ಹೊಡೆಯುವಾಗ ನಡುವಿನ ಮೇಟಿ ಕಂಬದ ಹತ್ತಿರ ಕಟ್ಟಿದ ಎತ್ತು ನಿಂತಲ್ಲೇ ತಿರುಗಿದ ಹಾಗೆ ಇರುತ್ತದೆ. ಕೊನೆಯ ಎತ್ತು ಓಡಿ ಓಡಿ ನೊರೆ ಕಾರುತ್ತದೆ. ಅದಕ್ಕೇ ಮುದಿ ಎತ್ತನ್ನು ಒಳಗೆ ಕಟ್ಟುವುದು, ಹರೆಯದ್ದನ್ನು ಹೊರಗೆ. ಕುದುರೆ ಓಟವೂ ಅದೇ. ತಿರುವಿನಲ್ಲಿ ಹಗ್ಗದ ಪಕ್ಕದವನಿಗೆ ದಾರಿ ಕಡಿಮೆ. ಹೊರಗಿನವನು ಹತ್ತು ಹದಿನೈದು ಮಾರು ಹೆಚ್ಚು ಓಡಬೇಕು. ದೊಡ್ಡ ಓಟದಲ್ಲಿ ಇದು ಅಷ್ಟು ಕಾಡುವುದಿಲ್ಲ, ಉದ್ದ ದಾರಿಯಲ್ಲಿ ಸರಿದು ಸರಿದು ಒಳಗೆ ಬರಬಹುದು. ಅರ್ಧ ಸುತ್ತಿನ ಸಣ್ಣ ಓಟ ಮಾತ್ರ ಕೆರೆ ತಿರುವಿನ ಬಾಯಲ್ಲೇ ಶುರುವಾಗುತ್ತಿತ್ತು. ಬಾವುಟ ಬಿತ್ತು ಅನ್ನುವಷ್ಟರಲ್ಲಿ ತಿರುವು. ಒಳಗೆ ನಿಂತವನೇ ರಾಜ.

ಇದು ಗಂಡಸರಿಗೆಲ್ಲ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದ ಇನ್ನೊಂದು ನಮಗೆ ಗೊತ್ತಿತ್ತು. ಎಲ್ಲ ಕುದುರೆಗಳೂ ಒಳಗೇ ನುಗ್ಗುವುದರಿಂದ ಒಳಗಿನ ನೆಲವೇ ಹೆಚ್ಚು ಕೆಡುತ್ತದೆ. ಒಣ ದಿನ ಒಳಗು ಲಾಭ. ಮಳೆಯ ಮರುದಿನ ಅದೇ ಒಳಗು ಹುದುಲು, ಹೊರಗೆ ಯಾರೂ ತುಳಿಯದ ಗಟ್ಟಿ ನೆಲ. ಅತ್ತೆ ಒಮ್ಮೆ ಇದನ್ನು ಮೈದಾನ ನೋಡಿಕೊಳ್ಳುವ ಸೆಕ್ರೆಟರಿ ಸಾಹೇಬನಿಗೆ ಹೇಳಿದಳು. ಅವನು ಪಲ್ಟಣ ಬಿಟ್ಟು ಬಂದ ಮುದುಕ. ಒಂದು ಗಾಲಿಯ ಕೋಲು ಹಿಡಿದು ದಿನಾ ಮೈದಾನ ಅಳೆಯುತ್ತಿದ್ದ.

"ಸಾಹೇಬ್ರ, ಮಳಿ ಆದ ಮ್ಯಾಲೆ ಹಗ್ಗಾ ಎರಡ ಮಾರ ಹೊರಗ ಸರಸ್ರಿ. ತುಳದ ನೆಲಾ ಒಳಗ ಉಳೀತೈತಿ, ಕುದರಿ ಹೊಸಾ ನೆಲದ ಮ್ಯಾಲೆ ಓಡತಾವ."

ಸಾಹೇಬ ನಕ್ಕು, "ನಿಂಗವ್ವ, ಟುಮ್ ಸೆಕ್ರೆಟರಿ ಬನೋ", ನೀನೇ ಸೆಕ್ರೆಟರಿ ಆಗು, ಅಂದು ಗಾಲಿ ಉರುಳಿಸುತ್ತ ಹೋದ. ಅತ್ತೆ ನನ್ನ ಕಡೆ ತಿರುಗಿ, "ಅಳಿಯೂದ ಅವಗ, ತುಳಿಯೂದ ಕುದರಿಗಿ, ತುಂಬೂದ ನಮಗ. ನಡಿ" ಅಂದಳು.

ಮೊದಲ ವರ್ಷಗಳಲ್ಲಿ ಸವಾರರು ಜಾಗಕ್ಕಾಗಿ ಬಡಿದಾಡುತ್ತಿದ್ದರು. ಬಾವುಟದ ಮುಂದೆ ಕುದುರೆ ತಿರುಗಿಸುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ಚಾಬೂಕಿನಲ್ಲಿ ಹೊಡೆಯುತ್ತ ಒಳಗೆ ನುಗ್ಗುತ್ತಿದ್ದರು. ಜೋರಿದ್ದವನಿಗೆ ಹಗ್ಗ. ಒಮ್ಮೆ ಒಬ್ಬನ ಕಣ್ಣಿಗೇ ಚಾಬೂಕು ಬಿದ್ದ ಮೇಲೆ ಬಿಲ್ಲೆ ಎತ್ತುವ ಪದ್ಧತಿ ಬಂತು. ಡಬ್ಬಿಯ ತಗಡು ಕತ್ತರಿಸಿ ಎಂಟು ಬಿಲ್ಲೆ ಮಾಡಿದರು. ಸವಾರರಲ್ಲಿ ಬಹಳ ಮಂದಿಗೆ ಅಂಕಿ ಬರುತ್ತಿರಲಿಲ್ಲ, ಆದ್ದರಿಂದ ಮೊಳೆಯಿಂದ ತೂತು ಹೊಡೆದರು. ಒಂದು ತೂತು ಅಂದರೆ ಹಗ್ಗದ ಪಕ್ಕ. ಎಂಟು ತೂತು, ಎರಡು ಸಾಲು ನಾಲ್ಕು ನಾಲ್ಕು, ಅಂದರೆ ಎಲ್ಲರಿಗಿಂತ ಹೊರಗೆ. ಏಳರಲ್ಲಿ ಒಂದು ಮೂಲೆ ಖಾಲಿ. ಬಿಲ್ಲೆಗಳನ್ನು ಗಡಿಗೆಗೆ ಹಾಕಿ, ಬಾಯಿಗೆ ಅರಿವೆ ಕಟ್ಟಿ, ಅದರ ಸೀಳಿನಿಂದ ಒಂದು ಕೈ ಒಳಗೆ ಹೋಗಬೇಕು.

ಯಾರ ಕೈ? ಸವಾರರ ಕೈ ಬೇಡ ಅಂದರು ಸಾಹುಕಾರರು. ಸಾಹುಕಾರರ ಕೈ ಬೇಡ ಅಂದರು ಸಾಹೇಬರು. ಕೊನೆಗೆ ಬಾಳಪ್ಪ ಮುಕಾದಮ ಅತ್ತೆಯ ಕಡೆ ಬೆರಳು ತೋರಿಸಿದ. ಮುಕಾದಮ ಅಂದರೆ ನಮ್ಮ ಮೇಲಿನವನು, ದಿನಾ ಬೈಯುವವನು. ಕುಣಿ ತುಂಬುವ ಹೆಂಗಸು, ಅಕ್ಷರ ಇಲ್ಲ, ಯಾವ ಕುದುರೆಯ ಮೇಲೂ ಆಸೆ ಇಲ್ಲ. ಎಲ್ಲರೂ ಒಪ್ಪಿದರು. ಸವಾರನ ಹೆಸರು ಕೂಗಿದರೆ ಅವಳು ಒಂದು ಬಿಲ್ಲೆ ತೆಗೆದು ಅವನ ಅಂಗೈಗೆ ಇಡಬೇಕು. ಎರಡು ವರ್ಷದ ಮೇಲೆ ಅವಳ ಬೆರಳು ವಾತದಿಂದ ಸೊಟ್ಟಗಾದವು. ಗಡಿಗೆ ನನ್ನ ಕೈಗೆ ಬಂತು. ಅವಳು ಒಂದೇ ಮಾತು ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ.

"ಮೊದಲ ಮುಟ್ಟಿದ್ದ ತಗೀಬೇಕು. ಹುಡಕಬ್ಯಾಡ. ಹುಡಕಿದ ಕೈ ಕಳ್ಳ ಕೈ."

ಮೊಳೆ ಹೊಡೆದ ತೂತಿನ ಹಿಂದೆ ತಗಡು ಮುಳ್ಳಿನ ಹಾಗೆ ಎದ್ದಿರುತ್ತದೆ. ಒಂದು ಹಂಗಾಮು ಕಳೆಯುವಷ್ಟರಲ್ಲಿ ನನ್ನ ಬೆರಳಿಗೆ ಎಂಟೂ ಬಿಲ್ಲೆಗಳು ಗೊತ್ತಾಗಿದ್ದವು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗಡಿಗೆ ಬೇರೆಯವರ ಕೈಗೆ ಹೋಗುತ್ತಿತ್ತು. ಎಂಟು ಮಂದಿ ಗಂಡಸರು ಕೈ ಚಾಚಿ ನನ್ನ ಮುಂದೆ ನಿಲ್ಲುವುದು ನನಗೆ ಸೇರುತ್ತಿತ್ತು. ಆದರೂ ಹುಡುಕುತ್ತಿರಲಿಲ್ಲ. ಮುಟ್ಟಿದ್ದನ್ನು ತೆಗೆಯುತ್ತಿದ್ದೆ.

ಖಾದರ ಒಬ್ಬ ಹತ್ತಿ ಸಾಹುಕಾರನ ಬೂದು ಕುದುರೆಯ ಸವಾರ. ನನಗಿಂತ ನಾಲ್ಕೈದು ವರ್ಷ ಸಣ್ಣವನು. ನನಗೆ ಅವನು ಉಪಕಾರವೇನೂ ಮಾಡಿರಲಿಲ್ಲ. ಓಟದ ದಿನ ಮುಂಜಾನೆ ಎಲ್ಲ ಸವಾರರೂ ನೆಲ ನೋಡಲು ಮೈದಾನ ಸುತ್ತುತ್ತಿದ್ದರು. ಉಳಿದವರು ನಮ್ಮನ್ನು ದಾಟಿ ಹೋಗುತ್ತಿದ್ದರು, ಇವನು ನಿಂತು ಮಾತಾಡಿಸುತ್ತಿದ್ದ. ಅಷ್ಟೆ. ಆ ವರ್ಷ ಸಣ್ಣ ಓಟದಲ್ಲಿ ಮೂರು ಸಲ ಅವನ ಅಂಗೈಗೆ ನನ್ನಿಂದ ಎಂಟನೆಯ ಬಿಲ್ಲೆ ಬಿತ್ತು. ಮೂರು ಸಲವೂ ಹಿಂದೆ ಬಿದ್ದ. ಸಾಹುಕಾರ, ಇನ್ನೊಂದು ಸಲ ಸೋತರೆ ಕುದುರೆ ಇಳಿಸಿ ಹತ್ತಿಯ ಗಾಡಿ ಹೊಡೆಯಲು ಹಚ್ಚುತ್ತೇನೆ ಅಂದನಂತೆ. ಅದನ್ನು ಖಾದರ ನಗುತ್ತಲೇ ಹೇಳಿದ.

"ಅಕ್ಕಾ, ನಿನ್ನ ಕೈಗೆ ನನ್ನ ಮ್ಯಾಲೆ ಏನ ಸಿಟ್ಟೈತಿ? ಮದಿವ್ಯಾಗ ಎಲ್ಲಾರ್ಗೂ ಹೋಳಿಗಿ, ನನಗ ಬರೇ ಎಲಿ."

"ನನ್ನ ಕೈ ಏನ ಮಾಡತೈತಿ ತಮ್ಮಾ? ಗಡಿಗಿ ಕೊಟ್ಟಿದ್ದ ಕೊಡತೈತಿ."

"ಹಂಗಾರ ಗಡಿಗಿಗೆ ಹೇಳ, ಖಾದರ ಎತ್ತ ಹೊಡಿಯಾಕ ಹುಟ್ಟಿಲ್ಲ ಅಂತ."

ಅವನು ಕೇಳಿಕೊಳ್ಳಲಿಲ್ಲ. ಇದನ್ನು ಗಟ್ಟಿಯಾಗಿ ಬರೆಯುತ್ತೇನೆ. ಅವನು ತಮಾಷೆ ಮಾಡಿದ, ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಮುಂದಿನ ಓಟದ ಹಿಂದಿನ ದಿನ ಮಳೆ ಹೊಡೆಯಿತು. ಮುಂಜಾನೆ ಎರಡು ಓಟ ಆಗಿ ಕೆರೆ ತಿರುವಿನ ಒಳಬದಿ ಗೊರಸು ಗೊರಸಿಗೂ ಕುಣಿಯಾಗಿತ್ತು, ಒಳಗೆ ನೀರು. ಆ ತಿರುವು ಅತ್ತೆಯ ಪಾಲಿನದು. ಅವಳ ಮೊಣಕಾಲು ಹಿಡಿದಿದ್ದರಿಂದ, "ನೀವು ಆ ಕಡಿ ಕೆಮ್ಮಣ್ಣಿಗೆ ಹೋಗ್ರಿ, ಇದನ್ನ ನಾ ಮಾಡತೀನಿ" ಅಂದೆ. ಅರ್ಧ ಸರಿಯಾಗಿ ಮಾಡಿದೆ. ಅಷ್ಟರಲ್ಲಿ ಮುಕಾದಮ ನನ್ನನ್ನು ಕೂಗಿದ.

"ಏ ದ್ಯಾಮಿ, ಗಡಿಗಿ ಹಿಡಿಯಾಕ ನಿಮ್ಮಪ್ಪ ಬರತಾನೇನ? ಸಾಹೇಬ್ರು ನಿಂತಾರ, ಲಗೂ ಬಾ."

ಹತ್ತಿಪ್ಪತ್ತು ಕುಣಿ ಉಳಿದಿದ್ದವು. ನೀರು ತೆಗೆಯಲಿಲ್ಲ, ಗರಸು ಹಾಕಲಿಲ್ಲ. ಒಣ ಮಣ್ಣು ಚೆಲ್ಲಿ ಕಾಲಲ್ಲಿ ಸವರಿ ಓಡಿದೆ. ಹಪ್ಪಳ, ಗಂಜಿ. ದಾರಿಯಲ್ಲಿ ಸೆರಗಿಗೆ ಕೈ ಒರೆಸಿಕೊಂಡೆ. ಉಗುರಿನಲ್ಲಿ ಎರೆ ಮಣ್ಣು ಹಾಗೇ ಇತ್ತು.

ಸಣ್ಣ ಓಟ. ಎಂಟು ಕುದುರೆ. ಖಾದರನ ಹೆಸರು ಮೊದಲು ಕೂಗಿದರು. ಗಡಿಗೆಯೊಳಗೆ ಕೈ ಹಾಕಿ ಒಂದು ತೂತಿನ ಬಿಲ್ಲೆಯನ್ನು ಹುಡುಕಿದೆ. ಸಿಕ್ಕಿತು. ಅವನ ಅಂಗೈಗೆ ಇಟ್ಟೆ. ಅವನು ನೋಡಿ, ಬಿಲ್ಲೆಯನ್ನು ಕಣ್ಣಿಗೆ ಒತ್ತಿಕೊಂಡು, "ಗಡಿಗಿಗೆ ಹೇಳಿದಿ ನೋಡ ಅಕ್ಕಾ" ಅಂದ. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಆ ಹೊತ್ತಿಗೆ ಕುಣಿಗಳು ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿದ್ದವು. ಒಂದು ಓಟಕ್ಕೆ ತಡೆಯುತ್ತದೆ ಅಂದುಕೊಂಡೆ. ಇನ್ನೂ ನಾಚಿಕೆಯ ಮಾತು ಏನೆಂದರೆ, ಮಳೆಯ ಮರುದಿನ ಒಳಗು ಕೆಟ್ಟದ್ದು, ಹೊರಗು ಒಳ್ಳೆಯದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಹಂಗಾಮು ಆ ನೆಲವನ್ನು ಹಿಮ್ಮಡಿಯಿಂದ ಒತ್ತಿದವಳು ನಾನು. ಆದರೂ ಗಡಿಗೆಯ ಮುಂದೆ ನಿಂತಾಗ ಗಂಡಸರು ಹೇಳುವ ಮಾತೇ ತಲೆಯಲ್ಲಿತ್ತು. ಒಳಗೆ ನಿಂತವನೇ ರಾಜ.

ಬಾವುಟ ಬಿತ್ತು. ಬೂದು ಕುದುರೆ ಮುಂದೆ ಹಾರಿತು. ಹಗ್ಗ ಹಿಡಿದು ತಿರುವಿಗೆ ಬಂತು. ಮುಂಗಾಲು ಇಳಿದದ್ದನ್ನು ನಾನು ಕಂಡೆ. ಎಷ್ಟನೆಯ ಕುಣಿ ಎಂದೂ ಗೊತ್ತಿತ್ತು. ಕುದುರೆ ಮಗುಚಿತು, ಖಾದರ ಅದರ ಕೆಳಗೆ. ಹಿಂದಿನ ಎರಡು ಕುದುರೆ ಅವರ ಮೇಲಿಂದಲೇ ಹಾದವು. ಹೊರಗಿನಿಂದ, ಗಟ್ಟಿ ನೆಲದ ಮೇಲೆ, ಏಳನೆಯ ಜಾಗದ ಕುದುರೆ ದೂರದ ದಾರಿ ಸುತ್ತಿ ಬಂದು ಗೆದ್ದಿತು. ಯಾರೂ ಅದನ್ನು ನೋಡುತ್ತಿರಲಿಲ್ಲ.

ಬೂದು ಕುದುರೆಯನ್ನು ಅಲ್ಲೇ ಗುಂಡು ಹಾಕಿ ಕೊಂದರು. ಖಾದರನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಧಾರವಾಡದ ದವಾಖಾನೆಗೆ ಒಯ್ದರು. ಸೆಕ್ರೆಟರಿ ಸಾಹೇಬ ತನ್ನ ಗಾಲಿಯ ಕೋಲನ್ನು ತಲೆಕೆಳಗು ಹಿಡಿದು, ಹಿಡಿಯ ತುದಿಯಿಂದ ಒಂದು ಕುಣಿ ಚುಚ್ಚಿ ನೋಡಿದ. ಕೋಲು ಗೇಣುದ್ದ ಒಳಗೆ ಹೋಯಿತು. ಮುಕಾದಮ ಕೇಳಿದ.

"ಈ ತಿರುವು ಯಾರದು?"

ನಾನು ಅಲ್ಲೇ ಇದ್ದೆ. ನನ್ನ ಕೈಯಲ್ಲಿ ಇನ್ನೂ ಗಡಿಗೆ ಇತ್ತು. ಅತ್ತೆ ಕುಂಟುತ್ತ ಬಂದಳು. ಕುಣಿ ನೋಡಿದಳು, ಬಗ್ಗಿ ಬೆರಳು ಹಾಕಿ ಗಂಜಿ ಎತ್ತಿದಳು. ನನ್ನ ಮುಖ ನೋಡಲಿಲ್ಲ.

"ನಂದರಿ" ಅಂದಳು. "ತಿರುವು ನಂದು."

"ಕಣ್ಣ ಹೋಗ್ಯಾವೇನ ಮುದಕಿ?"

"ಹೋಗ್ಯಾವ್ರಿ."

ಅಂದೇ ಅವಳನ್ನು ಕೆಲಸದಿಂದ ತೆಗೆದರು. ನಾನು ಬಾಯಿ ತೆರೆಯಲಿಲ್ಲ. ತೆರೆಯಬೇಕು ಅಂದುಕೊಂಡೆ, ನಾಳೆ ಅಂದುಕೊಂಡೆ. ಮನೆಗೆ ನಡೆದು ಹೋಗುವಾಗ ಅವಳು ಕುಣಿಯ ಬಗ್ಗೆ ಒಂದೇ ಮಾತು ಆಡಿದಳು. "ನಾ ಹೊಂಟಾಕಿ, ನೀ ಇರಾಕಿ. ಇನ್ನ ಮ್ಯಾಲೆ ತಳದಿಂದ ತುಂಬ." ಕುಣಿ ನಾನು ತುಂಬಿದ್ದು ಅಂತ ಅವಳಿಗೆ ಗೊತ್ತಿತ್ತು. ಬಿಲ್ಲೆ ನಾನು ಹುಡುಕಿದ್ದು ಗೊತ್ತಿರಲಿಲ್ಲ. ಅದನ್ನು ತಿಳಿಯದೆಯೇ ಎರಡು ವರ್ಷದ ಮೇಲೆ ಸತ್ತಳು. ಅವಳನ್ನು ತೆಗೆದ ಜಾಗಕ್ಕೆ ನನ್ನನ್ನೇ ಕುಣಿ ತುಂಬುವ ಹೆಂಗಸರ ಮೇಲಿನವಳನ್ನಾಗಿ ಮಾಡಿದ್ದರು. ಅದರ ಬಗ್ಗೆ ಬರೆಯುವುದು ಇಷ್ಟೇ.

ಅದಾದ ಮೇಲೆ ಪದ್ಧತಿ ಬದಲಾಯಿತು. ಸಣ್ಣ ಓಟ ಶುರುವಾಗುವ ಜಾಗವನ್ನು ತಿರುವಿನಿಂದ ಬಹಳ ಹಿಂದಕ್ಕೆ ಒಯ್ದರು, ಕುದುರೆಗಳು ತಿರುವು ಬರುವ ಮುಂಚೆ ಹೊಂದಿಕೊಳ್ಳಲಿ ಎಂದು. ಬಾವುಟದ ಜೊತೆಗೆ ಅಡ್ಡ ಪಟ್ಟಿ ಬಂತು, ಅದು ಒಮ್ಮೆಲೇ ಮೇಲೆ ಹಾರಿದರೆ ಎಲ್ಲರೂ ಒಟ್ಟಿಗೆ ಬಿಡುತ್ತಿದ್ದರು. ಮಳೆಯ ಮರುದಿನ ಒಳಗಿನ ಹಗ್ಗವನ್ನು ಎರಡು ಮಾರು ಹೊರಗೆ ಸರಿಸಲು ಶುರು ಮಾಡಿದರು. ಅದು ಸೆಕ್ರೆಟರಿ ಸಾಹೇಬನ ಬುದ್ಧಿವಂತಿಕೆ ಎಂದು ಎಲ್ಲರೂ ಹೊಗಳಿದರು. ಆಗಲೂ ನಾನು ಸುಮ್ಮನಿದ್ದೆ. ಸುಮ್ಮನಿರುವುದು ಒಮ್ಮೆ ರೂಢಿಯಾದರೆ ಬಿಡಿಸಿಕೊಳ್ಳುವುದು ಕಷ್ಟ.

ಗಡಿಗೆ ನನ್ನ ಕೈಯಲ್ಲೇ ಉಳಿಯಿತು. ಆ ದಿನದ ನಂತರ ಕೈ ಹಾಕುವ ಮುಂಚೆ ಬೆರಳಿಗೆ ಅರಿವೆ ಸುತ್ತಿಕೊಳ್ಳುತ್ತಿದ್ದೆ, ತೂತು ತಿಳಿಯದಿರಲಿ ಎಂದು. ಜನ ಅದನ್ನು ಮಡಿ ಅಂದುಕೊಂಡರು.

ಲಡಾಯಿ ಬಂತು. ಮೈದಾನವನ್ನು ಪಲ್ಟಣದವರು ತೆಗೆದುಕೊಂಡರು, ಡೇರೆ ಹೊಡೆದರು, ಲಾರಿ ನಿಲ್ಲಿಸಿದರು. ಕೊನೆಯ ದಿನ ಸಾಹುಕಾರರು ಸೇರಿ ನಮಗೆಲ್ಲ ಸೀರೆ ಕೊಟ್ಟರು. ನನಗೆ ಗಡಿಗೆಯನ್ನೂ ಕೊಟ್ಟರು, ಬಿಲ್ಲೆಗಳ ಸಮೇತ. ಒಬ್ಬರು ಎದ್ದು ನಿಂತು, ಇಂಥ ನಿಯತ್ತಿನ ಕೈ ಈ ಸೀಮೆಯಲ್ಲಿ ಇಲ್ಲ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಬೇವಿನ ಗಿಡದ ಕೆಳಗೆ ಖಾದರ ಬಡಿಗೆ ಊರಿ ನಿಂತಿದ್ದ. ಬಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವನೂ ತಟ್ಟಿದ. ನಾನು ಸೀರೆ ತೆಗೆದುಕೊಂಡು ನಮಸ್ಕಾರ ಮಾಡಿದೆ. ಆ ಸೀರೆಯನ್ನು ಉಟ್ಟು ಹರಿದೂ ಹಾಕಿದೆ. ಉಡದೆ ಇಟ್ಟೆ ಅಂತ ಬರೆದರೆ ಚೆಂದ ಇರುತ್ತಿತ್ತು, ಆದರೆ ಉಟ್ಟೆ.

ಇಲ್ಲಿಯವರೆಗೆ ಬರೆದು ಮುಗಿಸಿದ್ದೆ. ಆಮೇಲೆ ಅನಿಸಿತು, ಖಾದರ ಇನ್ನೂ ಬದುಕಿದ್ದಾನೆ, ಅವನಿಗೆ ಓದಿ ಹೇಳದೆ ಇದನ್ನು ಆ ಹುಡುಗಿಗೆ ಕಳಿಸುವುದು ಹೇಗೆ? ಅವನು ಹುಬ್ಬಳ್ಳಿಯಲ್ಲಿ ಟಾಂಗಾ ಕುದುರೆಗಳ ಲಗಾಮು, ತೊಗಲಿನ ಪಟ್ಟಿ ಹೊಲಿಯುತ್ತಾನೆ. ಈಗ ಟಾಂಗಾ ಕಡಿಮೆ, ಚಪ್ಪಲಿಯನ್ನೂ ಹೊಲಿಯುತ್ತಾನೆ. ಕಳೆದ ವಾರ ಅವನ ಅಂಗಡಿಗೆ ಹೋದೆ. ಬಿಸಿಲು ಇಳಿದಿರಲಿಲ್ಲ. ಗಿರಾಕಿ ಇರಲಿಲ್ಲ.

"ಬಾ ಅಕ್ಕಾ, ಕೂಡ. ಏನ ಹರದೈತಿ?"

"ಏನೂ ಹರದಿಲ್ಲ. ಒಂದ ಓದತೀನಿ, ಕೇಳ."

"ನೀ ಓದತೀ? ಮಳಿ ಬರತೈತಿ ಇವತ್ತ."

ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಓದಲು ಬಹಳ ಹೊತ್ತು ಹಿಡಿಯಿತು. ಮೊದಮೊದಲು ಅವನು ಹೊಲಿಯುತ್ತಲೇ ಕೇಳಿದ, ರಂಗೋಲಿಯ ಮಾತಿಗೆ ನಕ್ಕ. ಗಡಿಗೆಯ ಮಾತು ಬಂದಾಗ ಸೂಜಿ ನಿಂತಿತು. ಕೊನೆಯವರೆಗೂ ಮತ್ತೆ ಚುಚ್ಚಲಿಲ್ಲ. ನಾನು ಕಾಗದ ಮಡಚಿದೆ. ಅವನು ಮಡಚಲು ಬಾರದ ಕಾಲನ್ನು ಎರಡೂ ಕೈಯಿಂದ ಎತ್ತಿ ಸ್ವಲ್ಪ ಸರಿಸಿಕೊಂಡ.

"ಕುಣಿ ಹೋಗಲಿ" ಅಂದ. "ಅವಸರದಾಗ ಎಲ್ಲಾರೂ ಸವರತಾರ. ಒಂದ ಹೇಳ. ಮೊದಲ ಮುಟ್ಟಿದ್ದ ತಗೀಬೇಕು ಅಂತಿದ್ಲಲ್ಲ ನಿಮ್ಮತ್ತಿ. ಅವತ್ತ ನಿನ್ನ ಕೈಗೆ ಮೊದಲ ಯಾವ್ದ ಹತ್ತಿತ್ತು?"

ಇದನ್ನು ಅವನು ಕೇಳುತ್ತಾನೆ ಎಂದು ನನಗೆ ತೋಚಿರಲಿಲ್ಲ. ನೆನಪಿಲ್ಲ ಅನ್ನಬಹುದಿತ್ತು. ಇಷ್ಟು ವರ್ಷದ ಮೇಲೆ ಯಾರು ನಂಬುವುದಿಲ್ಲ?

"ಏಳು" ಅಂದೆ. "ಮೊದಲ ಏಳನೇದ ಹತ್ತಿತ್ತು. ಮೂಲಿ ಖಾಲಿ ಇತ್ತು, ಗೊತ್ತಾತು. ಅದನ್ನ ಬಿಟ್ಟು ಒಂದನೇದ ಹುಡಕಿದೆ."

ಅವನು ರಸ್ತೆಯ ಕಡೆ ನೋಡಿದ. ಒಂದು ಬಸ್ಸು ಹೋಯಿತು. ಧೂಳು ಕೂತ ಮೇಲೆ ಪಟ್ಟಿ ಎತ್ತಿಕೊಂಡು ಸೂಜಿಯ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

"ಅವತ್ತ ಏಳನೇದ ಗೆದ್ದಿತ್ತು."

"ಹೌದು."

"ಮೊದಲ ಏಳು ಹತ್ತಿದ್ದ ಮಾತ ನಿನ್ನ ಕಾಗದದಾಗ ಇಲ್ಲಲ್ಲ ಅಕ್ಕಾ."

"ಇಲ್ಲ."

"ಅದನ್ನೂ ಬರಿ" ಅಂದ.

ಬರೆದಿದ್ದೇನೆ.